ರೂಟ್ ಕೆನಾಲ್‌ನಲ್ಲಿ ಹಲ್ಲಿನ ಒಳಗೆ ತೊಳೆಯುವುದು ಹೇಗೆ? ಕ್ರಿಮಿ ಯಾವುದರಿಂದ ಸಾಯುತ್ತದೆ, ನೋವು ಯಾವುದರಿಂದ ಕಮ್ಮಿಯಾಗುತ್ತದೆ?

"ನರಾ ತಗ್ದಾರಂತ, ಮತ್ತ್ಯಾಕ ಬ್ಯಾನಿ ಆಗ್ಲತ್ತದ ರೀ?"

ರೂಟ್ ಕೆನಾಲ್ ಆದ ಮರುದಿನ ಫೋನಿನಲ್ಲಿ ನಾನು ಪದೇ ಪದೇ ಕೇಳುವ ಮಾತು ಇದು. ಕಲಬುರಗಿ ಊರಿನವರಾದರೆ ಬಂದು ತೋರಿಸಿಕೊಂಡು ಹೋಗುತ್ತಾರೆ. ಸುರಪುರದಿಂದಲೋ ಚಿಂಚೋಳಿ ಕಡೆಯ ಹಳ್ಳಿಯಿಂದಲೋ ಬಸ್ ಹತ್ತಿ ಬಂದವರಿಗೆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾದರೆ ಏನು ಮಾಡಬೇಕು? ಮೆಡಿಕಲ್ ಶಾಪ್‌ನಲ್ಲಿ ಕೇಳಿ ಏನೋ ಒಂದು ಗುಳಿಗೆ ನುಂಗುತ್ತಾರೆ. ಮೂರನೇ ದಿನ "ಡಾಕ್ಟರ್ ಸರಿಯಾಗಿ ಮಾಡಿಲ್ಲ" ಅಂತ ತೀರ್ಮಾನ ಮಾಡಿ, ಹತ್ತಿರದಲ್ಲಿ ಇನ್ಯಾರದೋ ಕಡೆ ಹೋಗಿ ಹಲ್ಲನ್ನೇ ಕೀಳಿಸಿಬಿಡುತ್ತಾರೆ. ಉಳಿಯಬೇಕಿದ್ದ ಹಲ್ಲು ಹೀಗೆ ಹೋದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ಮಾತು ಮೊದಲೇ ಹೇಳಿದ್ದರೆ ಉಳಿಯುತ್ತಿತ್ತು.

ಆ ಮಾತು ಇಷ್ಟೇ. ಚಿಕಿತ್ಸೆ ಆದ ಮೇಲಿನ ನೋವು ಒಂದು ಲೆಕ್ಕ, ಹಲ್ಲಿನ ಒಳಗಿನ ಕ್ರಿಮಿ, ಅಂದರೆ ಬ್ಯಾಕ್ಟೀರಿಯಾ, ಸಾಯುವುದು ಇನ್ನೊಂದು ಲೆಕ್ಕ. ಎರಡೂ ನಾವು ಹಲ್ಲಿನ ಒಳಗೆ ಹೇಗೆ ತೊಳೆಯುತ್ತೇವೆ ಅನ್ನುವುದರ ಮೇಲೆ ನಿಂತಿವೆ, ಆದರೆ ಒಂದು ಕಮ್ಮಿ ಆಯಿತು ಅಂದರೆ ಇನ್ನೊಂದೂ ಕಮ್ಮಿ ಆಯಿತು ಅಂತ ಅರ್ಥ ಅಲ್ಲ. ಚೆನ್ನಾಗಿ ತೊಳೆದ ಹಲ್ಲು ಎರಡು ದಿನ ನೋಯಬಹುದು. ಒಂಚೂರೂ ನೋಯದ ಹಲ್ಲಿನ ಬೇರಿನಲ್ಲಿ ಕ್ರಿಮಿ ಆರಾಮಾಗಿ ಕೂತಿರಬಹುದು.

ಅಷ್ಟಕ್ಕೂ ತೊಳೆಯುವುದು ಯಾಕೆ? ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆಯ ಭಾಗಕ್ಕೆ ಪಲ್ಪ್ ಅನ್ನುತ್ತೇವೆ. 1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಜೊತೆಗಾರರು ಇಲಿಗಳ ಹಲ್ಲಿಗೆ ಪಲ್ಪ್ ಕಾಣುವಷ್ಟು ತೂತು ಕೊರೆದು ಹಾಗೇ ಬಿಟ್ಟು ನೋಡಿದರು. ಒಂದು ಗುಂಪು ಮಾಮೂಲಿ ಇಲಿಗಳದ್ದು. ಇನ್ನೊಂದು, ಹುಟ್ಟಿದಾಗಿನಿಂದ ಒಂದೇ ಒಂದು ಬ್ಯಾಕ್ಟೀರಿಯಾ ಸೋಕದಂತೆ ಸಾಕಿದ ಇಲಿಗಳದ್ದು. ಮಾಮೂಲಿ ಇಲಿಗಳಲ್ಲಿ ಪಲ್ಪ್ ಸತ್ತು ಕೀವಾಯಿತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ತೂತಿನೊಳಗೆ ತಿಂದಿದ್ದೆಲ್ಲ ಸಿಕ್ಕಿಕೊಂಡರೂ ಪಲ್ಪ್ ಬದುಕಿತ್ತು, ತೂತಿನ ಅಡಿಯಲ್ಲಿ ಹೊಸ ಗೋಡೆಯನ್ನೇ ಕಟ್ಟಿಕೊಂಡಿತು. ರೋಗ ಬರುವುದು ಬ್ಯಾಕ್ಟೀರಿಯಾದಿಂದ ಅಂತ ಅಲ್ಲಿಗೆ ಖಾತ್ರಿಯಾಯಿತು. ಹಾಗಾಗಿ ರೂಟ್ ಕೆನಾಲ್‌ನಲ್ಲಿ ನರ ಎಳೆದು ತೆಗೆಯುವುದು ಕೆಲಸದ ಶುರು ಮಾತ್ರ. ಅಸಲಿ ಕೆಲಸ ಬ್ಯಾಕ್ಟೀರಿಯಾವನ್ನು ತೆಗೆಯುವುದು.

ಅದನ್ನು ಫೈಲ್ (ಬೇರಿನ ಒಳಗೋಡೆ ಕೆರೆಯುವ ತೆಳ್ಳನೆಯ ಲೋಹದ ಕಡ್ಡಿ) ಹಾಕಿ ಕೆರೆದರೆ ಆಗಲ್ವಾ? ಆಗಲ್ಲ. 2001ರಲ್ಲಿ ಮೇಲಿನ ದವಡೆಹಲ್ಲುಗಳನ್ನು ಮೈಕ್ರೋ ಸಿಟಿ ಸ್ಕ್ಯಾನ್‌ನಲ್ಲಿ ಇಟ್ಟು ನೋಡಿದಾಗ, ಯಾವ ಬಗೆಯ ಫೈಲ್ ಬಳಸಿದರೂ ಗೋಡೆಯ ಶೇ 35ರಷ್ಟು ಅಥವಾ ಅದಕ್ಕೂ ಜಾಸ್ತಿ ಭಾಗಕ್ಕೆ ಫೈಲ್ ತಾಗಿಯೇ ಇರಲಿಲ್ಲ. ಫೈಲ್ ದುಂಡಗೆ ತಿರುಗುತ್ತದೆ, ಒಳಗಿನ ದಾರಿ ದುಂಡಗಿಲ್ಲ. ಕೆಳಗಿನ ದವಡೆಹಲ್ಲಿನ ಮುಂದಿನ ಬೇರನ್ನೇ ತಗೊಳ್ಳಿ. ಅದರಲ್ಲಿ ಎರಡು ಕಾಲುವೆ, ನಡುವೆ ತೆಳ್ಳನೆಯ ಸೀಳು, ಆ ಸೀಳಿನಲ್ಲಿ ಕೊಳೆತ ಪಲ್ಪ್. ತುದಿಯ ಹತ್ತಿರ ಕವಲುಗಳು. ಗೋಡೆಯ ತುಂಬಾ ಕಣ್ಣಿಗೆ ಕಾಣದ ಸೂಕ್ಷ್ಮ ಕೊಳವೆಗಳು, ಅವುಗಳ ಒಳಗೂ ಬ್ಯಾಕ್ಟೀರಿಯಾ. ಅವು ಒಂದೊಂದೇ ಇರುವುದಿಲ್ಲ. ಗುಂಪು ಕಟ್ಟಿಕೊಂಡು, ಮೇಲೆ ಜಿಗುಟಾದ ಪದರ ಹೊದ್ದುಕೊಂಡು ಗೋಡೆಗೆ ಅಂಟಿ ಕೂತಿರುತ್ತವೆ. ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಫೈಲ್ ಹೋಗದ ಈ ಜಾಗಗಳಿಗೆ ಹೋಗಬಲ್ಲದ್ದು ದ್ರಾವಣ ಒಂದೇ.

ದ್ರಾವಣಗಳಲ್ಲಿ ದೊಡ್ಡಣ್ಣ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಮನೆಯ ಬ್ಲೀಚ್‌ನಲ್ಲಿ ಇರುವುದೂ ಇದೇ ರಾಸಾಯನಿಕ. (ಹಾಗಂತ ಮನೆಯ ಬ್ಲೀಚ್ ಬಾಯಿಗೆ ಹಾಕಿಕೊಳ್ಳಬೇಡಿ, ದಯವಿಟ್ಟು. ಅದು ಬಾಯಿಯೊಳಗಿನ ಚರ್ಮವನ್ನು ಸುಡುತ್ತದೆ.) ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಅನ್ನುವ ರಸಾಯನ ವಿಜ್ಞಾನಿ ಶೇ 0.5ರಷ್ಟು ತೆಳುವಾದ ಹೈಪೋಕ್ಲೋರೈಟನ್ನು ಸೈನಿಕರ ಕೊಳೆತ ಗಾಯ ತೊಳೆಯಲು ಸಿದ್ಧಮಾಡಿದರು. ಹಲ್ಲಿನ ಒಳಗೆ ಇವತ್ತು ಶೇ 0.5ರಿಂದ ಶೇ 6ರವರೆಗೂ ಬಳಸುತ್ತಾರೆ. ಇದರ ದೊಡ್ಡ ಗುಣ ಅಂದರೆ ಬ್ಯಾಕ್ಟೀರಿಯಾ ಕೊಲ್ಲುವುದರ ಜೊತೆಗೆ ಸತ್ತ ಪಲ್ಪನ್ನು ಕರಗಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಮಾಡುವ ಇನ್ನೊಂದು ದ್ರಾವಣ ಬಳಕೆಯಲ್ಲಿ ಇಲ್ಲ ಅಂತಲೇ ಹೇಳಬಹುದು.

ಆದರೆ ಇದು ಕೆಲಸ ಮಾಡುತ್ತಾ ಮಾಡುತ್ತಾ ಖರ್ಚಾಗುತ್ತದೆ. ಒಳಗೆ ನಿಂತ ದ್ರಾವಣ ಸ್ವಲ್ಪ ಹೊತ್ತಿಗೆ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಹೊಸದು ಹಾಕುತ್ತಲೇ ಇರಬೇಕು. ನಮ್ಮ ಕಡೆ ಇನ್ನೊಂದು ತಲೆನೋವು ಇದೆ. ಬಿಸಿಲಿಗೂ ಬೆಳಕಿಗೂ ಹೈಪೋಕ್ಲೋರೈಟ್ ಬಾಟಲಿಯಲ್ಲೇ ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಯಾದಗಿರಿಯಲ್ಲಿ 42 ಡಿಗ್ರಿ ದಾಟುತ್ತದೆ, ಮೇಲಿಂದ ಕರೆಂಟ್ ಬೇರೆ ಹೋಗುತ್ತದೆ. ಕಿಟಕಿ ಪಕ್ಕದ ಕಪಾಟಿನಲ್ಲಿ ಎರಡು ತಿಂಗಳು ಇಟ್ಟ ಬಾಟಲಿಯ ಮೇಲೆ ಶೇ 5 ಅಂತ ಬರೆದಿದ್ದರೆ ಒಳಗೆ ಅಷ್ಟೇ ಇದೆ ಅಂತ ನಂಬಬಾರದು. ಯಾವ ಮಷೀನ್ ತಗೊಳ್ಳಬೇಕು ಅಂತ ನನ್ನನ್ನು ಕೇಳುವ ಕಿರಿಯ ಡಾಕ್ಟರುಗಳಿಗೆ ಮೊದಲು ಬಾಟಲಿಯನ್ನು ತಂಪಿನಲ್ಲಿ, ಕತ್ತಲಲ್ಲಿ, ಮುಚ್ಚಳ ಬಿಗಿಮಾಡಿ ಇಡಿ ಅಂತ ಹೇಳುತ್ತೇನೆ.

ಎರಡನೆಯದು ಶೇ 17ರ ಇಡಿಟಿಎ. ಫೈಲ್ ಕೆರೆದಾಗ ಗೋಡೆಯ ಮೇಲೆ ಪುಡಿ ಮೆತ್ತಿಕೊಂಡು ಸೂಕ್ಷ್ಮ ಕೊಳವೆಗಳ ಬಾಯಿ ಮುಚ್ಚಿರುತ್ತದೆ. ಕೊನೆಯಲ್ಲಿ ಒಂದು ನಿಮಿಷ ಇದನ್ನು ಹಾಕಿದರೆ ಆ ಪುಡಿ ಬಿಡುತ್ತದೆ. ಮೂರನೆಯದು ಶೇ 2ರ ಕ್ಲೋರ್‌ಹೆಕ್ಸಿಡಿನ್. ಬಾಯಿ ಮುಕ್ಕಳಿಸುವ ಔಷಧಿಯಲ್ಲಿ ತೆಳುವಾಗಿ ಇರುವುದೂ ಇದೇ. ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗೋಡೆಗೆ ಅಂಟಿ ಸ್ವಲ್ಪ ದಿನ ಕೆಲಸವನ್ನೂ ಮಾಡುತ್ತದೆ, ಆದರೆ ಸತ್ತ ಪಲ್ಪನ್ನು ಕರಗಿಸುವುದಿಲ್ಲ. ಹಾಗಾಗಿ ಹೈಪೋಕ್ಲೋರೈಟ್ ಬಿಟ್ಟು ಇದೊಂದನ್ನೇ ನಂಬುವುದು ನನಗೆ ಸರಿ ಅನಿಸಲ್ಲ. ಇನ್ನೊಂದು, ಇವೆರಡೂ ಒಳಗೆ ಸೇರಿದರೆ ಕಂದು ಬಣ್ಣದ ಗಸಿ ಕಟ್ಟಿಕೊಳ್ಳುತ್ತದೆ. ನಡುವೆ ಸಲೈನ್ ಹಾಕಿ ಚೆನ್ನಾಗಿ ತೊಳೆಯದಿದ್ದರೆ ಆ ಗಸಿ ಅಲ್ಲೇ ಉಳಿಯುತ್ತದೆ.

ಇನ್ನು ಅಸಲಿ ವಿಷಯ. ಒಳ್ಳೆಯ ದ್ರಾವಣ ಇದ್ದರೆ ಸಾಲದು, ಅದು ಬೇರಿನ ತುದಿಗೆ ಮುಟ್ಟಬೇಕು. ಬೀದರಿನ ನೌಬಾದದಲ್ಲಿ ಸುರಂಗ ಬಾವಿ ನೋಡಿದ್ದೀರಲ್ವಾ, ಅದೇ ಬಹಮನಿ ಕಾಲದ ಕಾರೇಜ್? ನೆಲದಡಿಯ ಕಾಲುವೆಗೆ ಅಲ್ಲಲ್ಲಿ ಮೇಲಕ್ಕೆ ಬಾಯಿ ತೆರೆದಿದ್ದಾರೆ, ಗಾಳಿ ಅಲ್ಲಿಂದ ಆಡುತ್ತದೆ. ಬೇರಿನೊಳಗಿನ ಕಾಲುವೆಗೆ ಅಂಥ ಒಂದೂ ಬಾಯಿ ಇಲ್ಲ. ತುದಿಯ ಕಡೆ ಮೂಳೆ ಮುಚ್ಚಿಕೊಂಡಿದೆ. ಮೇಲಿನಿಂದ ದ್ರಾವಣ ಹಾಕಿದರೆ ಕೆಳಗಿದ್ದ ಗಾಳಿ ಹೋಗಲು ದಾರಿ ಇಲ್ಲದೆ ಗುಳ್ಳೆಯಾಗಿ ತುದಿಯಲ್ಲೇ ನಿಂತುಬಿಡುತ್ತದೆ. ಇದಕ್ಕೆ ವೇಪರ್ ಲಾಕ್ ಅನ್ನುತ್ತೇವೆ. ಕೊನೆಯ ಎರಡು ಮೂರು ಮಿಲಿಮೀಟರಿಗೆ ದ್ರಾವಣ ಮುಟ್ಟದೇ ಹೋಗುವುದು ಇದರಿಂದ. ಬ್ಯಾಕ್ಟೀರಿಯಾ ಮೂಳೆಗೆ ತೊಂದರೆ ಕೊಡುವುದು ಅಲ್ಲಿಂದಲೇ.

ಎಲ್ಲ ಕಡೆ ನಡೆಯುವ ಹಳೆಯ ಬಗೆ ಸಿರಿಂಜ್ ಮತ್ತು ಸೂಜಿ. ಇದನ್ನು ಕೀಳಾಗಿ ನೋಡುವ ಅಗತ್ಯ ಇಲ್ಲ, ಆದರೆ ಸೂಜಿಯಲ್ಲೂ ಸೂಜಿ ಇದೆ. ಇಂಜೆಕ್ಷನ್ನಿನ ದಪ್ಪ ಸೂಜಿಯನ್ನು ಬೇರಿನ ಅರ್ಧಕ್ಕೇ ಸಿಕ್ಕಿಸಿ ಒತ್ತಿದರೆ ಮೇಲಿನರ್ಧ ಮಾತ್ರ ತೊಳೆಯುತ್ತದೆ. ರೂಟ್ ಕೆನಾಲ್‌ಗೆ ಅಂತಲೇ ಬರುವ 30 ಗೇಜ್ ಸೂಜಿ ಸುಮಾರು 0.3 ಮಿಲಿಮೀಟರ್ ದಪ್ಪ ಇರುತ್ತದೆ. ತುದಿ ಮುಚ್ಚಿ, ಪಕ್ಕದಲ್ಲಿ ಕಿಂಡಿ ಇರುತ್ತದೆ. ದ್ರಾವಣ ಪಕ್ಕಕ್ಕೆ ಹೋಗುವುದರಿಂದ ಬೇರಿನ ತುದಿಯಾಚೆ ನುಗ್ಗುವ ಅಪಾಯ ಕಮ್ಮಿ. ಆದರೆ ಇಂಥ ಸೂಜಿಯ ದ್ರಾವಣ ಅದರ ತುದಿಯಿಂದ ಒಂದು, ಒಂದೂವರೆ ಮಿಲಿಮೀಟರ್ ಆಚೆಗೆ ಸರಿಯಾಗಿ ಹೋಗುವುದಿಲ್ಲ. ಆದ್ದರಿಂದ ಅದನ್ನು ಬೇರಿನ ತುದಿಗೆ ಒಂದೆರಡು ಮಿಲಿಮೀಟರ್ ಇರುವಷ್ಟು ಒಳಗೆ ಇಳಿಸಬೇಕು, ಎಲ್ಲೂ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾ ಒತ್ತಬೇಕು. ಹೆಬ್ಬೆರಳಿನ ಬದಲು ತೋರುಬೆರಳಿನಲ್ಲಿ ಒತ್ತಿದರೆ ಜೋರು ತಾನಾಗೇ ಕಮ್ಮಿಯಾಗುತ್ತದೆ. ಅವಸರದಲ್ಲಿ ಗಟ್ಟಿಯಾಗಿ ಒತ್ತಿ ಹೈಪೋಕ್ಲೋರೈಟ್ ತುದಿಯಾಚೆ ಹೋದರೆ ಆಗುವ ಅನಾಹುತ ಸಣ್ಣದಲ್ಲ. ತಡೆಯಲಾಗದ ನೋವು, ನಿಮಿಷಗಳಲ್ಲಿ ಮುಖ ಬಾವು, ಆಮೇಲೆ ಚರ್ಮದ ಕೆಳಗೆ ನೀಲಿಗಟ್ಟುವುದು. ಅಪರೂಪ, ಆದರೂ ಆಗುತ್ತದೆ.

ಖರ್ಚಿಲ್ಲದ ಒಂದು ಬಗೆ ಇದೆ, ಸಣ್ಣ ಊರಿನ ಕ್ಲಿನಿಕ್‌ಗಳಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ. ಕೊನೆಗೆ ಬೇರು ತುಂಬಲು ಬಳಸುವ ಗಟ್ಟಾಪರ್ಚಾ ಕಡ್ಡಿಯನ್ನೇ ದ್ರಾವಣ ತುಂಬಿದ ಕಾಲುವೆಗೆ ಇಳಿಸಿ, ಎರಡು ಮೂರು ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಿಸುವುದು, ನಿಮಿಷಕ್ಕೆ ಸುಮಾರು 100 ಸಲ. ಕಡ್ಡಿ ಆಡಿದಾಗ ಗಾಳಿಗುಳ್ಳೆ ಒಡೆದು ದ್ರಾವಣ ತುದಿಗೆ ಇಳಿಯುತ್ತದೆ. ಸೂಜಿಯಿಂದ ಸುಮ್ನೆ ಹಾಕಿಬಿಡುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ಲ್ಯಾಬ್ ಪ್ರಯೋಗಗಳು ತೋರಿಸಿವೆ. ಕೈ ನೋಯುತ್ತದೆ, ಅಷ್ಟೇ.

ಮಷೀನ್‌ಗಳಲ್ಲಿ ಜಾಸ್ತಿ ಕೇಳಿಬರುವುದು ಅಲ್ಟ್ರಾಸೋನಿಕ್. ದ್ರಾವಣ ತುಂಬಿದ ಕಾಲುವೆಯಲ್ಲಿ ಸಣ್ಣ ಲೋಹದ ತುದಿ ಸೆಕೆಂಡಿಗೆ 25,000ದಿಂದ 30,000 ಸಲ ಅದುರುತ್ತದೆ. ಸಾಮಾನ್ಯವಾಗಿ 20 ಸೆಕೆಂಡ್ ಓಡಿಸಿ, ಹೊಸ ದ್ರಾವಣ ಹಾಕಿ, ಹೀಗೆ ಮೂರು ಸುತ್ತು. ದೊಡ್ಡದಾಗಿ ಕಾಣಿಸುವ ಲೂಪ್ ಕನ್ನಡಕ ಹಾಕಿಕೊಂಡು ಇದನ್ನು ನೋಡಬೇಕು. ಸೂಜಿಯಿಂದ ತೊಳೆದು ತಿಳಿಯಾಗಿದೆ ಅಂದುಕೊಂಡ ದ್ರಾವಣ, ತುದಿ ಅದುರಿದ ಕೂಡಲೇ ಕದಡಿ, ಬಿಳಿ ಪುಡಿ, ಪಲ್ಪಿನ ಎಳೆ ಎಲ್ಲ ಮೇಲೆ ತೇಲಿ ಬರುತ್ತದೆ. ಅಷ್ಟೂ ಅಲ್ಲೇ ಇತ್ತು! ಕಷ್ಟ ಏನೆಂದರೆ, ಬಾಗಿದ ಬೇರಿನಲ್ಲಿ ಲೋಹ ಗೋಡೆಗೆ ತಾಗಿದರೆ ಅದುರುವುದು ಕುಂದುತ್ತದೆ, ಗೋಡೆಯನ್ನು ಕೊರೆಯಲೂಬಹುದು. ಸೋನಿಕ್ ಮಷೀನಿನಲ್ಲಿ ತುದಿ ಪ್ಲಾಸ್ಟಿಕ್, ವೇಗ ಕಮ್ಮಿ, ಗೋಡೆಗೆ ತಾಗಿದರೂ ಹಾನಿ ಇಲ್ಲ. ಬೆಲೆಯೂ ಕೈಗೆಟಕುವಂಥದ್ದು. ಲೇಸರ್ ಕೂಡ ಇದೆ, ಎರ್ಬಿಯಂ ಲೇಸರಿನ ಮಿಡಿತದಿಂದ ದ್ರಾವಣವನ್ನೇ ಅಲ್ಲಾಡಿಸುವ ಬಗೆ. ಕೆಲಸ ಚೆನ್ನಾಗಿದೆ, ಬೆಲೆ ನೋಡಿದರೆ ಜಿಲ್ಲಾ ಕೇಂದ್ರದ ಕ್ಲಿನಿಕ್ಕಿಗೂ ಭಾರ.

ಇವೆಲ್ಲಕ್ಕಿಂತ ಬೇರೆ ದಿಕ್ಕಿನಲ್ಲಿ ಯೋಚಿಸಿದ್ದು ನೆಗೆಟಿವ್ ಪ್ರೆಶರ್ ಬಗೆ, ಎಂಡೋವ್ಯಾಕ್ ಅದರ ಹೆಸರಾದ ಮಾದರಿ. ಇಲ್ಲಿ ದ್ರಾವಣವನ್ನು ಕೆಳಗೆ ತಳ್ಳುವುದೇ ಇಲ್ಲ. ಮೇಲೆ ಸುರಿಯುತ್ತಾರೆ, ತುದಿಗೆ ಇಳಿಸಿದ ತೆಳ್ಳನೆಯ ಕೊಳವೆ ಅದನ್ನು ಕೆಳಕ್ಕೆ ಸೆಳೆದು ಹೀರಿಕೊಳ್ಳುತ್ತದೆ. ಗಾಳಿಗುಳ್ಳೆಯನ್ನೂ ಹೀರುತ್ತದೆ, ತುದಿಯಾಚೆ ದ್ರಾವಣ ಹೋಗುವ ಭಯ ತೀರಾ ಕಮ್ಮಿ. ಆದರೆ ಆ ಕೊಳವೆ ಹಿಡಿಸಲು ಕಾಲುವೆಯನ್ನು ಸ್ವಲ್ಪ ಅಗಲ ಮಾಡಬೇಕು, ಕೊಳವೆಯ ಕಿಂಡಿಗಳು ಪುಡಿ ಸಿಕ್ಕಿ ಕಟ್ಟಿಕೊಳ್ಳುತ್ತವೆ.

ಈಗ ನೋವಿಗೆ ಬರೋಣ. ನರ ತೆಗೆದ ಮೇಲೆ ಹಲ್ಲಿನ ಒಳಗೆ ನೋಯಲು ಏನೂ ಇಲ್ಲ ನಿಜ. ನೋಯುವುದು ಬೇರಿನ ಸುತ್ತ ಇರುವ ಪೊರೆ ಮತ್ತು ಮೂಳೆ. ಕೆರೆದ ಪುಡಿ, ಬ್ಯಾಕ್ಟೀರಿಯಾದ ಚೂರು, ದ್ರಾವಣದ ಹನಿ, ಇವುಗಳಲ್ಲಿ ಒಂದಿಷ್ಟು ತುದಿಯಾಚೆ ಹೋದಾಗ ಅಲ್ಲಿ ಉರಿಯೂತ ಆಗುತ್ತದೆ. ಪುಡಿ ಒಂಚೂರೂ ಆಚೆ ಹೋಗದಂತೆ ಕೆಲಸ ಮಾಡುವ ಬಗೆ ಇವತ್ತಿನವರೆಗೂ ಬಂದಿಲ್ಲ. ಎಷ್ಟು ಹೋಗುತ್ತದೆ ಅನ್ನುವುದಷ್ಟೇ ವ್ಯತ್ಯಾಸ. 2011ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ಚಿಕಿತ್ಸೆಗೆ ಮೊದಲು ನೂರಕ್ಕೆ 81 ಜನರಿಗೆ ನೋವು ಇರುತ್ತದೆ, 24 ಗಂಟೆ ಆದ ಮೇಲೆ 40 ಜನರಿಗೆ, ಒಂದು ವಾರಕ್ಕೆ 11 ಜನರಿಗೆ. ಮರುದಿನ ಸ್ವಲ್ಪ ನೋಯುವುದು ಎಷ್ಟು ಮಾಮೂಲಿ ಅನ್ನುವುದಕ್ಕೆ ಈ 40 ಸಾಕು. ದಿನ ಕಳೆದಂತೆ ಇಳಿಯಬೇಕು, ಅದು ಮುಖ್ಯ. ಮೊದಲೇ ಜೋರು ನೋವು ಇದ್ದವರಿಗೆ ಆಮೇಲೂ ಜಾಸ್ತಿ. ಯಾವ ಮಷೀನ್ ಬಳಸಿದರು ಅನ್ನುವುದಕ್ಕಿಂತ ಇದರ ಪ್ರಭಾವ ದೊಡ್ಡದು. ಹಾಗಾಗಿ ಹಲ್ಲು ನೋಯುತ್ತಾ ನೋಯುತ್ತಾ ತಿಂಗಳು ತಳ್ಳಬೇಡಿ.

ಮಷೀನ್‌ಗಳಿಂದ ನೋವು ಕಮ್ಮಿ ಆಗುತ್ತದಾ? ಮೊದಲ ಒಂದೆರಡು ದಿನ ಆಗುತ್ತದೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಅಲ್ಟ್ರಾಸೋನಿಕ್, ಸೋನಿಕ್, ನೆಗೆಟಿವ್ ಪ್ರೆಶರ್, ಮೂರರಲ್ಲೂ ಬರೀ ಸೂಜಿಗಿಂತ ಕಮ್ಮಿ ನೋವು ಕಂಡುಬಂದಿದೆ. 2010ರ ಒಂದು ಪ್ರಯೋಗದಲ್ಲಿ ನೆಗೆಟಿವ್ ಪ್ರೆಶರ್‌ನವರಿಗೆ ನೋವೂ ಕಮ್ಮಿ, ನುಂಗಿದ ನೋವಿನ ಗುಳಿಗೆಯೂ ಕಮ್ಮಿ. ಆದರೆ ವಾರ ಕಳೆಯುವಷ್ಟರಲ್ಲಿ ವ್ಯತ್ಯಾಸ ಬಹುತೇಕ ಮಾಯ. ಅಧ್ಯಯನಗಳೂ ಬಹಳ ಸಣ್ಣವು, ಒಬ್ಬೊಬ್ಬರು ಒಂದೊಂದು ರೀತಿ ಮಾಡಿದವು, ಹಾಗಾಗಿ ಇವುಗಳ ಮೇಲೆ ಜಾಸ್ತಿ ಭಾರ ಹಾಕಬಾರದು.

ಮೂಳೆ ವಾಸಿಯಾಗುವ ಲೆಕ್ಕ ಬೇರೆಯೇ ಇದೆ. 2013ರಲ್ಲಿ ಒಂದೇ ಬೇರಿನ ಹಲ್ಲುಗಳಲ್ಲಿ ಅಲ್ಟ್ರಾಸೋನಿಕ್ ಒಂದು ಗುಂಪಿಗೆ, ಬರೀ ಸೂಜಿ ಇನ್ನೊಂದಕ್ಕೆ ಮಾಡಿ, 10ರಿಂದ 19 ತಿಂಗಳು ಬಿಟ್ಟು ಸ್ಕ್ಯಾನ್ ನೋಡಿದರು. ಮೂಳೆಯ ಗಾಯ ಕುಗ್ಗಿದ್ದು ಅಲ್ಟ್ರಾಸೋನಿಕ್‌ನಲ್ಲಿ ನೂರಕ್ಕೆ ಸುಮಾರು 95 ಹಲ್ಲುಗಳಲ್ಲಿ, ಸೂಜಿಯಲ್ಲಿ ಸುಮಾರು 88ರಲ್ಲಿ. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸ ಅಂತ ಲೆಕ್ಕಕ್ಕೆ ಬರಲಿಲ್ಲ. ನೇರವಾದ ಒಂಟಿ ಬೇರಿನಲ್ಲಿ ಎಚ್ಚರದ ಕೈಯ ಸೂಜಿಯೇ ಸಾಕಾಗಬಹುದು. ಸೀಳು, ಬಾಗು, ಕವಲು ಇರುವ ದವಡೆಹಲ್ಲಿನಲ್ಲಿ ನಾನಂತೂ ಅಲ್ಲಾಡಿಸದೆ ಬಿಡುವುದಿಲ್ಲ, ಮಷೀನಿನಿಂದಾಗಲಿ ಕಡ್ಡಿಯಿಂದಾಗಲಿ.

ಹೈಪೋಕ್ಲೋರೈಟ್ ಜಾಸ್ತಿ ಗಾಢ ಇದ್ದರೆ ನೋವು ಜಾಸ್ತಿಯಾ ಅನ್ನುವುದಕ್ಕೆ ಉತ್ತರ ಎರಡೂ ಕಡೆ ಇದೆ. ಪಲ್ಪ್ ಪೂರ್ತಿ ಸತ್ತ ದವಡೆಹಲ್ಲುಗಳಲ್ಲಿ ಶೇ 5.25ಕ್ಕಿಂತ ಶೇ 1.3ರಲ್ಲಿ ನೋವು ಕಮ್ಮಿ ಬಂದಿದೆ. ಪಲ್ಪ್ ಜೀವಂತ ಇದ್ದು ಉರಿಯುತ್ತಿದ್ದ ಹಲ್ಲುಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ತಣ್ಣಗಿನ ಸಲೈನ್ ಮಾತ್ರ ನನಗೆ ಹಿಡಿಸಿದ ಉಪಾಯ. ಕೊನೆಯಲ್ಲಿ ಸುಮಾರು 2.5 ಡಿಗ್ರಿಯ ಸಲೈನಿನಲ್ಲಿ ಐದು ನಿಮಿಷ ತೊಳೆದರೆ ಮೊದಲ ದಿನದ ನೋವು ಇಳಿಯುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ. ಬೇಕಾಗಿರುವುದು ಫ್ರಿಜ್ ಮತ್ತು ಐಸ್. ಕ್ರಿಮಿ ಕೊಲ್ಲುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಹೈಪೋಕ್ಲೋರೈಟಿನ ಕೆಲಸ. ಆದರೂ ರಾತ್ರಿ ಶಹಾಪುರದ ಬಸ್ಸಿನಲ್ಲಿ ಕೂತು ಹೋಗುವವರಿಗೆ ಆ ಮೊದಲ ದಿನವೇ ದೊಡ್ಡದು.

ಡಾಕ್ಟರನ್ನು ಏನು ಕೇಳಬೇಕು ಅಂದರೆ, ಮಷೀನಿನ ಹೆಸರು ಕೇಳಬೇಡಿ. ಹಲ್ಲಿಗೆ ರಬ್ಬರ್ ಡ್ಯಾಮ್ ಹಾಕುತ್ತೀರಾ ಅಂತ ಕೇಳಿ. ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಯನ್ನೆಲ್ಲ ಮುಚ್ಚುವ ತೆಳು ರಬ್ಬರ್ ಹಾಳೆ ಅದು. ಅದಿಲ್ಲದಿದ್ದರೆ ತೊಳೆಯುತ್ತಿರುವಾಗಲೇ ಉಗುಳಿನ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತದೆ, ಹೈಪೋಕ್ಲೋರೈಟ್ ಗಂಟಲಿಗೆ ಹೋಗುವ ಭಯಕ್ಕೆ ಡಾಕ್ಟರ್ ಕೂಡ ಕಮ್ಮಿ ತೊಳೆಯುತ್ತಾರೆ. ದವಡೆಹಲ್ಲಿನ ಕೆಲಸ ಹದಿನೈದು ನಿಮಿಷಕ್ಕೆ ಮುಗಿಯಿತು ಅಂದರೆ ಖುಷಿ ಪಡಬೇಡಿ. ದ್ರಾವಣಕ್ಕೆ ಕೆಲಸ ಮಾಡಲು ಹೊತ್ತು ಬೇಕು. ದುಡ್ಡಿನ ಅಡಚಣೆ ಇದ್ದರೆ ಕಲಬುರಗಿಯಲ್ಲಿ ಸೇಡಂ ರಸ್ತೆಯ ನಿಜಲಿಂಗಪ್ಪ ದಂತ ಕಾಲೇಜು, ಬೀದರಿನಲ್ಲಿ ನೌಬಾದದ ಎಸ್.ಬಿ. ಪಾಟೀಲ ದಂತ ಕಾಲೇಜು ಇವೆ. ಕಾಲೇಜಿನಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತದೆ, ಅದು ಹಲ್ಲಿಗೆ ಒಳ್ಳೆಯದೇ.

ಮನೆಗೆ ಹೋದ ಮೇಲೆ ಎರಡು ಮೂರು ದಿನ ಕಚ್ಚಿದಾಗ ನೋವು ಇದ್ದರೆ ಗಾಬರಿ ಬೇಡ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಡಾಕ್ಟರ್ ಬರೆದುಕೊಟ್ಟ ಹಾಗೆ ತಗೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು, ಗರ್ಭಿಣಿಯರು ಐಬುಪ್ರೊಫೆನ್ ಅನ್ನು ಕೇಳದೆ ಮುಟ್ಟಬಾರದು. ಆ್ಯಂಟಿಬಯಾಟಿಕ್ ನೋವಿನ ಗುಳಿಗೆ ಅಲ್ಲ. ಬಾವು, ಜ್ವರ ಇಲ್ಲದೆ ಅದನ್ನು ನುಂಗಿದರೆ ಲಾಭ ಇಲ್ಲ. ಸತ್ತ ಪಲ್ಪಿಗೆ ರಕ್ತವೇ ಹೋಗುವುದಿಲ್ಲ, ಔಷಧಿ ಹೇಗೆ ಹೋಗುತ್ತದೆ? ಹಲ್ಲು ಎತ್ತರ ಅನಿಸಿ ಅದೇ ಮೊದಲು ಕಚ್ಚುತ್ತಿದ್ದರೆ ಹೋಗಿ ಸ್ವಲ್ಪ ಉಜ್ಜಿಸಿಕೊಳ್ಳಿ, ಎಷ್ಟೋ ಸಲ ನೋವು ಅಷ್ಟಕ್ಕೇ ಇಳಿಯುತ್ತದೆ. ಆದರೆ ದಿನದಿಂದ ದಿನಕ್ಕೆ ನೋವು ಏರುತ್ತಿದ್ದರೆ, ಮುಖ ಬಾತರೆ, ಜ್ವರ ಬಂದರೆ, ಬಾಯಿ ತೆರೆಯಲು ನುಂಗಲು ಕಷ್ಟವಾದರೆ ಅವತ್ತೇ ಹೊರಡಿ, ರಾತ್ರಿಯಾದರೆ ಜಿಲ್ಲಾ ಆಸ್ಪತ್ರೆಗೆ.

ನೋವು ಹೋಯಿತು ಅಂತ ಕ್ಯಾಪ್ ಹಾಕಿಸದೆ ಬಿಡುವವರು ನಮ್ಮ ಕಡೆ ಬಹಳ. ಮೇಲಿನ ತಾತ್ಕಾಲಿಕ ಸಿಮೆಂಟ್ ಕೆಲವೇ ವಾರ ತಡೆಯುತ್ತದೆ, ಆಮೇಲೆ ಸಂದಿನಿಂದ ಉಗುಳು ಇಳಿದು ಬ್ಯಾಕ್ಟೀರಿಯಾ ಮತ್ತೆ ಬೇರಿಗೆ ಸೇರುತ್ತದೆ. ದವಡೆಹಲ್ಲಾದರೆ ಕ್ಯಾಪ್ ಬರುವವರೆಗೂ ಆ ಕಡೆಯಿಂದ ಕಟಕ ರೊಟ್ಟಿ, ಹುರಿದ ಕಡಲೆ ಕಡಿಯಬೇಡಿ. ಹಲ್ಲು ಬೇರಿನವರೆಗೂ ಸೀಳಿದರೆ ಮತ್ತೆ ಕೂಡಿಸಲು ಆಗಲ್ಲ. ಆರು ತಿಂಗಳಿಗೆ, ಒಂದು ವರ್ಷಕ್ಕೆ ಒಂದೊಂದು ಎಕ್ಸ್‌ರೇ ತೆಗೆಸಿ. ಬೇರಿನ ತುದಿಯಲ್ಲಿದ್ದ ಕಪ್ಪು ಕಲೆ ಸಣ್ಣದಾಗುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ.